ಕಾಫಿ ಕಣದಲ್ಲಿ ತಾರಾಗುಚ್ಛದ ಫೋಟೊ

ಕಾಫಿ ಕಣದ ಸಿಮೆಂಟು ರಾತ್ರಿ ಎಂಟಾದರೂ ಬಿಸಿ ಬಿಡುವುದಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ನಿಧಾನವಾಗಿ ಉಗುಳುತ್ತಿರುತ್ತದೆ. ಬರಿಗಾಲಲ್ಲಿ ನಿಂತರೆ ಹಿತ, ಟೆಲಿಸ್ಕೋಪ್ ನಿಲ್ಲಿಸಿದರೆ ಕೆಡುಕು. ಒಲೆಯ ಮೇಲಿಂದ ನೋಡಿದಾಗ ಆಚೆಗಿನ ಗೋಡೆ ನಡುಗುತ್ತದಲ್ಲ, ಹಾಗೇ ಕಣದಿಂದ ಏಳುವ ಬಿಸಿಗಾಳಿಯಲ್ಲಿ ನಕ್ಷತ್ರ ನಡುಗುತ್ತದೆ. ಫೋಟೊದಲ್ಲಿ ಚುಕ್ಕಿ ಬರಬೇಕಾದ ಜಾಗದಲ್ಲಿ ಹತ್ತಿಯುಂಡೆ ಬರುತ್ತದೆ. ಬೇಲೂರು ತಾಲ್ಲೂಕಿನ ಬಿಕ್ಕೋಡಿನ ಹತ್ತಿರ ಅಕ್ಕನ ಮನೆಯ ತೋಟದಲ್ಲಿ ಇಷ್ಟನ್ನು ಕಲಿಯಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು. ಈಗ ಕಣ ದಾಟಿ, ಅಂಚಿನ ಮಣ್ಣಿನ ಮೇಲೆ ಟ್ರೈಪಾಡ್ ಊರುತ್ತೇನೆ. ಕಣದ ಉಪಯೋಗ ಒಂದೇ: ಅಲ್ಲಿ ಮರವಿಲ್ಲ, ಆಕಾಶ ಬಿಚ್ಚಿಕೊಂಡಿರುತ್ತದೆ. ನೆರಳಿಲ್ಲದೆ ಕಾಫಿ ಬೆಳೆಯದ ನಮ್ಮ ಕಡೆ ಇಷ್ಟಗಲ ಆಕಾಶ ಸಿಗುವುದು ಕಣದಲ್ಲಿ ಅಥವಾ ಶಾಲೆಯ ಮೈದಾನದಲ್ಲಿ ಮಾತ್ರ.

ಯಾವಾಗ ಹೋಗಬೇಕು? ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶದ ಮಾತೇ ಬೇಡ. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾದರೂ ನಡುರಾತ್ರಿಯ ಹೊತ್ತಿಗೆ ಮಂಜು ಇಳಿಯುತ್ತದೆ. ಮಾರ್ಚ್ ಆದರೆ ಹೂಮಳೆಯ ಮೋಡ. ಎಲ್ಲ ಕಳೆದು ಉಳಿಯುವುದು ಫೆಬ್ರವರಿ. ಅದರಲ್ಲೂ ನಾನು ಹಿಡಿದಿರುವುದು ಶಿವರಾತ್ರಿಯನ್ನು. ಮಾಘ ಬಹುಳ ಚತುರ್ದಶಿ, ಅಂದರೆ ಅಮಾವಾಸ್ಯೆಯ ಹಿಂದಿನ ದಿನ. ಚಂದ್ರ ಬೆಳಗಿನ ಜಾವದವರೆಗೆ ಮೇಲೇಳುವುದಿಲ್ಲ. ಊರೇ ಎಚ್ಚರವಿರುವುದರಿಂದ ನೀವೇಕೆ ಎಚ್ಚರವಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಭಾವ ಮಾತ್ರ ಮೊದಲ ವರ್ಷ ಕೇಳಿದ್ದರು: “ಜಾಗರಣೆ ಮಾಡೋಕೆ ದೇವಸ್ಥಾನ ಇಲ್ವೇನಪ್ಪಾ, ಕಣಾನೇ ಬೇಕಾ?”

ಆ ಒಂದು ರಾತ್ರಿಯಲ್ಲಿ ಸಿಗುವ ಮುಕ್ತ ತಾರಾಗುಚ್ಛಗಳು ಒಂದೆರಡಲ್ಲ. ಕತ್ತಲಾಗುವಾಗ ಪಶ್ಚಿಮಕ್ಕೆ ಸರಿಯುತ್ತಿರುವ ಕೃತ್ತಿಕೆ. ಒಂಬತ್ತರ ಸುಮಾರಿಗೆ ಲುಬ್ಧಕದ ಕೆಳಗೆ ಎಂ41. ಹನ್ನೊಂದರ ಆಸುಪಾಸಿನಲ್ಲಿ ನೆತ್ತಿಯ ಮೇಲೆ ಕರ್ಕಾಟಕ ರಾಶಿಯ ಎಂ44, ಅದರ ಪಕ್ಕದಲ್ಲೇ ಎಂ67. ಬೆಳಗಿನ ಜಾವ ನಾಲ್ಕೂವರೆ, ಐದಕ್ಕೆ ಆಗ್ನೇಯದಲ್ಲಿ ವೃಶ್ಚಿಕದ ಬಾಲದ ಬಳಿ ಎಂ6, ಎಂ7. ಈ ‘ಎಂ’ ಅಂದರೆ ಫ್ರಾನ್ಸಿನ ಷಾರ್ಲ್ ಮೆಸ್ಸಿಯೇ. 18ನೇ ಶತಮಾನದಲ್ಲಿ ಧೂಮಕೇತು ಹುಡುಕುತ್ತಿದ್ದ ಈತ, ಧೂಮಕೇತುವಿನಂತೆ ಕಂಡು ಮೋಸ ಮಾಡುವ ಮಸುಕು ಮಚ್ಚೆಗಳನ್ನೆಲ್ಲ ಪಟ್ಟಿ ಮಾಡಿಟ್ಟ. ಕೃತ್ತಿಕೆ ಆ ಪಟ್ಟಿಯಲ್ಲಿ 45ನೆಯದು. ಕೃತ್ತಿಕೆಯನ್ನು ಧೂಮಕೇತು ಎಂದು ಯಾರು ತಪ್ಪು ತಿಳಿದಾರು, ಅದು ಬೇರೆ ಮಾತು.

ಒಂದೇ ಅನಿಲ ಮೋಡದಿಂದ ಹೆಚ್ಚು ಕಡಿಮೆ ಒಟ್ಟಿಗೇ ಹುಟ್ಟಿ, ಇನ್ನೂ ಚದುರಿ ಹೋಗದ ನಕ್ಷತ್ರಗಳ ಗುಂಪೇ ಮುಕ್ತ ತಾರಾಗುಚ್ಛ. ಕೆಲವಕ್ಕೆ ಹತ್ತಾರು ಸದಸ್ಯರು, ಕೆಲವಕ್ಕೆ ಸಾವಿರಕ್ಕೂ ಮೇಲೆ. ಕೃತ್ತಿಕೆಯ ವಯಸ್ಸು ಸುಮಾರು 10 ಕೋಟಿ ವರ್ಷ, ದೂರ ಸುಮಾರು 440 ಜ್ಯೋತಿರ್ವರ್ಷ. ಎಂ44ಕ್ಕೆ 60–70 ಕೋಟಿ ವರ್ಷ. ಎಂ67 ಹಣ್ಣು ಹಣ್ಣು ಮುದುಕ: ಸುಮಾರು 400 ಕೋಟಿ ವರ್ಷ, ಹೆಚ್ಚು ಕಡಿಮೆ ನಮ್ಮ ಸೂರ್ಯನ ವಾರಿಗೆಯದು. ಈ ವಯಸ್ಸಿನ ಲೆಕ್ಕ ಫೋಟೊ ತೆಗೆಯುವವರಿಗೆ ಏಕೆ ಬೇಕು ಎಂಬುದು ಬಣ್ಣದ ಮಾತು ಬಂದಾಗ ಗೊತ್ತಾಗುತ್ತದೆ.

ಕೃತ್ತಿಕೆಯ ಹೆಸರು ನಮ್ಮ ರೈತರ ಬಾಯಲ್ಲಿ ಸದಾ ಇರುತ್ತದೆ, ಆದರೆ ಮಳೆಯಾಗಿ. ಮೇ ಎರಡನೇ ವಾರದಲ್ಲಿ ಕೃತ್ತಿಕೆ ಮಳೆ ಶುರುವಾಗುತ್ತದೆ. ಆಗ ಸೂರ್ಯ ಕೃತ್ತಿಕಾ ನಕ್ಷತ್ರದಲ್ಲಿ ಇರುತ್ತಾನೆ. ಎಂದರೆ ಕೃತ್ತಿಕೆ ಮಳೆ ಬರುವ ದಿನಗಳಲ್ಲಿ ಆಕಾಶ ಎಷ್ಟೇ ಹೊಳವಾದರೂ ಕೃತ್ತಿಕೆ ಕಾಣುವುದಿಲ್ಲ. ಹಾಗೇ ಕಾರ್ತಿಕದ ಹುಣ್ಣಿಮೆಗೆ ಚಂದ್ರ ಕೃತ್ತಿಕೆಯ ಬಗಲಲ್ಲೇ ಇರುತ್ತಾನೆ, ತಿಂಗಳಿಗೆ ಹೆಸರು ಬಂದದ್ದೇ ಅದರಿಂದ. ಫೋಟೊ ತೆಗೆಯುವವರಿಗೆ ಅದಕ್ಕಿಂತ ಕೆಟ್ಟ ರಾತ್ರಿ ಇನ್ನೊಂದಿಲ್ಲ.

ಇನ್ನು ಸಾಮಾನು. ಹೊಸಬರು ಮಾಡುವ ಮೊದಲ ತಪ್ಪು ದೊಡ್ಡ ಟೆಲಿಸ್ಕೋಪ್ ಕೊಳ್ಳುವುದು. ಗುಚ್ಛಗಳು ಹರಡಿಕೊಂಡಿರುತ್ತವೆ. ಕೃತ್ತಿಕೆ ಆಕಾಶದಲ್ಲಿ ಸುಮಾರು ಎರಡು ಡಿಗ್ರಿ ಅಗಲ, ಅಂದರೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಎಂ44 ಒಂದೂವರೆ ಡಿಗ್ರಿ. ಎಂ67 ಮಾತ್ರ ಅರ್ಧ ಡಿಗ್ರಿ. ನಿಮ್ಮ ಕ್ಯಾಮೆರಾ, ಟೆಲಿಸ್ಕೋಪ್ ಜೋಡಿಗೆ ಎಷ್ಟು ಆಕಾಶ ಸಿಗುತ್ತದೆ ಎಂಬುದಕ್ಕೆ ಲೆಕ್ಕ ಸುಲಭ: ಸೆನ್ಸರ್‌ನ ಅಗಲವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ 57ರಿಂದ ಗುಣಿಸಿ. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಎಪಿಎಸ್-ಸಿ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. 400 ಮಿ.ಮೀ. ಫೋಕಲ್ ಲೆಂತ್‌ನ ಪುಟ್ಟ ಟೆಲಿಸ್ಕೋಪಿಗೆ ಅದನ್ನು ಹಾಕಿದರೆ ಸುಮಾರು 3.4 ಡಿಗ್ರಿ ಅಗಲ, 2.2 ಡಿಗ್ರಿ ಎತ್ತರದ ಆಕಾಶ. ಕೃತ್ತಿಕೆ ಸಲೀಸಾಗಿ ಕೂರುತ್ತದೆ. ಅದೇ ಕ್ಯಾಮೆರಾವನ್ನು ಎಂಟು ಇಂಚಿನ, 2032 ಮಿ.ಮೀ. ಫೋಕಲ್ ಲೆಂತ್‌ನ ಟೆಲಿಸ್ಕೋಪಿಗೆ ಹಾಕಿದರೆ ಮುಕ್ಕಾಲು ಡಿಗ್ರಿಯೂ ಇಲ್ಲ. ಕೃತ್ತಿಕೆಯ ಎರಡು ನಕ್ಷತ್ರ ಬಂದರೆ ಪುಣ್ಯ. ಎಂ67ಕ್ಕೆ ಬೇಕಾದರೆ 750 ಮಿ.ಮೀ.ನ ಆರಿಂಚು ನ್ಯೂಟೋನಿಯನ್ ಚೆನ್ನಾಗಿ ಒಪ್ಪುತ್ತದೆ.

ನನ್ನದು 72 ಮಿ.ಮೀ. ವ್ಯಾಸದ ರಿಫ್ರ್ಯಾಕ್ಟರ್, ಇಡಿ ಗಾಜಿನದು. ಸಾದಾ ಗಾಜಿನ ಅಗ್ಗದ ರಿಫ್ರ್ಯಾಕ್ಟರ್ ಎಲ್ಲ ಬಣ್ಣವನ್ನೂ ಒಂದೇ ಕಡೆ ಸೇರಿಸುವುದಿಲ್ಲ. ಕೃತ್ತಿಕೆಯ ಒಂದೊಂದು ನಕ್ಷತ್ರಕ್ಕೂ ನೇರಳೆ ಬಣ್ಣದ ಬಳೆ ತೊಡಿಸುತ್ತದೆ. ಬೇರೆ ವಸ್ತುಗಳಲ್ಲಿ ಆ ದೋಷ ಅಡಗಬಹುದು, ಗುಚ್ಛದಲ್ಲಿ ಅಡಗಲು ಜಾಗವೇ ಇಲ್ಲ. ಚಿತ್ರದ ತುಂಬ ಇರುವುದು ಬರೀ ಚುಕ್ಕಿ. ಮೂಲೆಯಲ್ಲಿ ಚುಕ್ಕಿ ಎಳೆದುಕೊಂಡಿದ್ದರೆ, ಒಂದು ಪಕ್ಕ ಬಾಲ ಬಂದಿದ್ದರೆ, ಮೊದಲು ಕಣ್ಣಿಗೆ ಹೊಡೆಯುವುದು ಅದೇ. ಗುಚ್ಛ ಹೊಸಬರಿಗೆ ಸುಲಭ ಎನ್ನುತ್ತಾರೆ. ಸಿಗುವುದು ಸುಲಭ, ಅಷ್ಟೇ. ಅದರ ಹಾಗೆ ತಪ್ಪು ಎತ್ತಿ ತೋರಿಸುವ ಮೇಷ್ಟ್ರು ಆಕಾಶದಲ್ಲಿ ಇನ್ನೊಬ್ಬರಿಲ್ಲ.

ಉಳಿತಾಯದ ಮಾತೂ ಇದೆ. ಕೆಂಪು ನೀಹಾರಿಕೆಗಳಿಗಾಗಿ ಕ್ಯಾಮೆರಾ ಬಿಚ್ಚಿಸಿ ಒಳಗಿನ ಫಿಲ್ಟರ್ ತೆಗೆಸುತ್ತಾರಲ್ಲ, ಗುಚ್ಛಕ್ಕೆ ಅದು ಬೇಡ. ಊರಿನ ದೀಪದ ಬೆಳಕು ತಡೆಯುವ ಫಿಲ್ಟರೂ ಬೇಡ, ಅದು ನಕ್ಷತ್ರದ ಬಣ್ಣವನ್ನೇ ಕೆಡಿಸುತ್ತದೆ. ನಕ್ಷತ್ರ ನೋಡುತ್ತಾ ಜಾರಿಕೆ ತಿದ್ದುವ ಗೈಡ್ ಕ್ಯಾಮೆರಾ ಸದ್ಯಕ್ಕೆ ಬೇಡ. ದುಡ್ಡು ಹಾಕಬೇಕಾದ್ದು ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟಿಗೆ.

ಏಕೆಂದರೆ ಭೂಮಿ ತಿರುಗುತ್ತಲೇ ಇರುತ್ತದೆ. ಆಕಾಶ ಒಂದು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಜರುಗುತ್ತದೆ. ನನ್ನ ಜೋಡಿಯಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 2 ಆರ್ಕ್‌ಸೆಕೆಂಡ್. ಹಾಗಾದರೆ ಟ್ರೈಪಾಡ್ ಮೇಲೆ ಸುಮ್ಮನೆ ಇಟ್ಟು ಒಂದೇ ಸೆಕೆಂಡ್ ತೆರೆದರೂ ಚುಕ್ಕಿ ಏಳು ಪಿಕ್ಸೆಲ್ ಉದ್ದದ ಗೀರಾಗುತ್ತದೆ. ಇಕ್ವಟೋರಿಯಲ್ ಮೌಂಟ್ ತನ್ನ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಇಟ್ಟುಕೊಂಡು, ಭೂಮಿ ತಿರುಗಿದಷ್ಟನ್ನು ಹಿಂದಕ್ಕೆ ತಿರುಗುತ್ತದೆ. ಆ ಅಕ್ಷವನ್ನು ಉತ್ತರ ಧ್ರುವದ ಕಡೆ ಸರಿಯಾಗಿ ನೆಡುವುದೇ ರಾತ್ರಿಯ ಮೊದಲ ಕೆಲಸ. ಬಿಕ್ಕೋಡಿನಲ್ಲಿ ಈ ಕೆಲಸ ಯುರೋಪಿನವರ ವಿಡಿಯೊಗಳಲ್ಲಿ ಕಾಣುವಷ್ಟು ಸಲೀಸಲ್ಲ.

ನಮ್ಮ ಅಕ್ಷಾಂಶ 13 ಡಿಗ್ರಿ. ಧ್ರುವ ನಕ್ಷತ್ರ ಕ್ಷಿತಿಜದಿಂದ ಅಷ್ಟೇ ಎತ್ತರ. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ಅದರ ಮೇಲೆ ಎರಡು ಬೆರಳು. ಸಿಲ್ವರ್ ಓಕ್ ಸಾಲಿಗೆ ಅದನ್ನು ಮರೆಮಾಡಲು ಹೆಚ್ಚೇನೂ ಶ್ರಮ ಬೇಡ. ಇನ್ನೊಂದು ತೊಂದರೆ ಯಂತ್ರದ್ದು. ಅಕ್ಷ ಹೀಗೆ ಮಲಗಿದಾಗ ಪ್ರತಿಭಾರದ ಸರಳು ಹೆಚ್ಚು ಕಡಿಮೆ ನೇರ ಕೆಳಕ್ಕೆ, ಉತ್ತರದ ಪಕ್ಕ ತೂಗುತ್ತದೆ. ಟ್ರೈಪಾಡ್‌ನ ಒಂದು ಕಾಲು ಉತ್ತರಕ್ಕಿದ್ದರೆ ಢಣ್ ಎಂದು ಅದಕ್ಕೆ ಬಡಿಯುತ್ತದೆ. ಉತ್ತರ ದಿಕ್ಕು ಎರಡು ಕಾಲುಗಳ ನಡುವೆ ಬರುವಂತೆ ತಿರುಗಿಸಿ ಇಡುವುದು ಉಪಾಯ. ಆಗ ಭಾರ ಉತ್ತರಕ್ಕೆ ವಾಲುತ್ತದೆ. 12 ವೋಲ್ಟಿನ ಬ್ಯಾಟರಿಯನ್ನು ದಕ್ಷಿಣದ ಕಾಲಿಗೆ ತೂಗುಹಾಕುತ್ತೇನೆ. ಕರೆಂಟು ಕೊಡುವುದರ ಜೊತೆಗೆ ಅದು ಕಲ್ಲಿನ ಕೆಲಸವನ್ನೂ ಮಾಡುತ್ತದೆ.

ಧ್ರುವ ನಕ್ಷತ್ರ ಕಂಡರೂ ಅದರ ಮೇಲೇ ಗುರಿ ಇಟ್ಟು ಬಿಡುವಂತಿಲ್ಲ. ಅದು ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗೂ ಸ್ವಲ್ಪ ಹೆಚ್ಚು ದೂರ ಇದೆ. ಅಷ್ಟು ತಪ್ಪಿದ್ದರೆ 30 ಸೆಕೆಂಡಿನ ಫೋಟೊದಲ್ಲಿ ಚುಕ್ಕಿ ಎರಡೂವರೆ ಪಿಕ್ಸೆಲ್ ಜಾರಬಹುದು. ತಪ್ಪನ್ನು 10 ಆರ್ಕ್‌ಮಿನಿಟ್‌ಗೆ, ಅಂದರೆ ಚಂದ್ರನ ಅಗಲದ ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಒಂದು ಪಿಕ್ಸೆಲ್‌ನ ಒಳಗೇ ನಿಲ್ಲುತ್ತದೆ. ಅದಕ್ಕಿಂತ ನಿಖರತೆಗೆ ಗಂಟೆಗಟ್ಟಲೆ ಕೂರುವುದು ಗುಚ್ಛದ ಮಟ್ಟಿಗೆ ದಂಡ. ಧ್ರುವ ಕಾಣದಿದ್ದರೆ ಲ್ಯಾಪ್‌ಟಾಪಿನ ‘ನೈನಾ’ ತಂತ್ರಾಂಶ ಆಕಾಶದ ಯಾವುದೋ ಭಾಗದ ಮೂರು ಫೋಟೊ ತೆಗೆದು, ಅದರಲ್ಲಿನ ನಕ್ಷತ್ರಗಳನ್ನು ನಕ್ಷೆಗೆ ಹೋಲಿಸಿ, ಯಾವ ತಿರುಪನ್ನು ಎತ್ತ ತಿರುಗಿಸಬೇಕು ಎಂದು ಹೇಳುತ್ತದೆ. ಲ್ಯಾಪ್‌ಟಾಪ್ ಇಲ್ಲದವರಿಗೆ ಹಳೆಯ ದಾರಿ ಇದ್ದೇ ಇದೆ. ದಕ್ಷಿಣೋತ್ತರ ರೇಖೆಯ ಬಳಿ ಇರುವ, ಆಕಾಶದ ವಿಷುವದ್ವೃತ್ತಕ್ಕೆ ಹತ್ತಿರದ ಒಂದು ನಕ್ಷತ್ರವನ್ನು ಐದು ನಿಮಿಷ ನೋಡಿ. ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಆಮೇಲೆ ಪೂರ್ವದಲ್ಲಿ ಕೆಳಗಿರುವ ಇನ್ನೊಂದನ್ನು ನೋಡಿ. ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಎದ್ದಿದೆ.

ಅಕ್ಷಾಂಶ ಇನ್ನೊಂದು ಆಟ ಆಡುತ್ತದೆ. ಎಂ67 ನಮ್ಮ ನೆತ್ತಿಯಿಂದ ಒಂದೂವರೆ ಡಿಗ್ರಿಯೊಳಗೆ ಹಾದು ಹೋಗುತ್ತದೆ, ಎಂ44 ಆರೇಳು ಡಿಗ್ರಿಯೊಳಗೆ. ನೆತ್ತಿಯ ಮೇಲೆ ಗಾಳಿಯ ಪದರ ಅತಿ ತೆಳು, ಹಾಗಾಗಿ ಇದು ಭಾಗ್ಯವೆಂದೇ ನಾನೂ ತಿಳಿದಿದ್ದೆ. ಈಗ ಮಾರುಕಟ್ಟೆಯಲ್ಲಿ ತಾನೇ ಗುರಿ ಹುಡುಕಿ ತಾನೇ ಫೋಟೊ ತೆಗೆಯುವ ಸ್ಮಾರ್ಟ್ ಟೆಲಿಸ್ಕೋಪುಗಳು ಬಂದಿವೆಯಲ್ಲ, ಅವು ಸಾಮಾನ್ಯವಾಗಿ ಎಡಬಲ ಮತ್ತು ಮೇಲೆಕೆಳಗೆ ತಿರುಗುವಂಥವು. ನೆತ್ತಿಯ ಬಳಿ ಗುರಿ ಬಂದಾಗ ಪೂರ್ವದಿಂದ ಪಶ್ಚಿಮಕ್ಕೆ ಅವು ಬುಗುರಿಯಂತೆ ಗಿರ್ರನೆ ತಿರುಗಬೇಕಾಗುತ್ತದೆ, ಆಗುವುದಿಲ್ಲ, ಚಿತ್ರವೂ ತಿರುಚಿಕೊಳ್ಳುತ್ತದೆ. ಇಕ್ವಟೋರಿಯಲ್ ಮೌಂಟಿಗೆ ಆ ಕಷ್ಟ ಇಲ್ಲ, ಆದರೆ ಕ್ಯಾಮೆರಾ ಟ್ರೈಪಾಡ್ ಕಾಲಿಗೆ ತಾಗುವ ಭಯ ಇದೆ, ದಕ್ಷಿಣೋತ್ತರ ರೇಖೆ ದಾಟಿದ ಮೇಲೆ ಇಡೀ ಟೆಲಿಸ್ಕೋಪನ್ನು ಆ ಪಕ್ಕಕ್ಕೆ ಮಗುಚಬೇಕು. ಹಾಗಾಗಿ ಎರಡು ಬಗೆಯವರಿಗೂ ಒಂದೇ ಮಾತು: ಗುಚ್ಛ ನೆತ್ತಿಗೆ ಬರುವ ಮೊದಲೇ, ಪೂರ್ವದಲ್ಲಿ 50–70 ಡಿಗ್ರಿ ಎತ್ತರದಲ್ಲಿರುವಾಗ ಕೆಲಸ ಮುಗಿಸಿ. ಫೆಬ್ರವರಿ ಕೊನೆಯಲ್ಲಿ ಎಂ44, ಎಂ67ಕ್ಕೆ ಅದು ರಾತ್ರಿ ಎಂಟೂವರೆಯಿಂದ ಹತ್ತರ ಹೊತ್ತು.

ಫೋಕಸ್ ಕಣ್ಣಳತೆಯಲ್ಲಿ ಸಿಗುವುದಿಲ್ಲ. ರಷ್ಯಾದ ಹವ್ಯಾಸಿ ಪಾವೆಲ್ ಬಾಖ್ತಿನೋವ್ 2005ರಲ್ಲಿ ಹಂಚಿಕೊಂಡ ಒಂದು ಉಪಾಯ ಈಗ ಎಲ್ಲರ ಚೀಲದಲ್ಲೂ ಇದೆ: ಮೂರು ದಿಕ್ಕಿಗೆ ಸೀಳು ಕೊರೆದ ಪ್ಲಾಸ್ಟಿಕ್ ಮುಚ್ಚಳ. ಟೆಲಿಸ್ಕೋಪಿನ ಬಾಯಿಗೆ ಅದನ್ನಿಟ್ಟು ಲುಬ್ಧಕದಂಥ ಹೊಳೆಯುವ ನಕ್ಷತ್ರ ನೋಡಿದರೆ ಬೆಳಕು ಸೀಳುಗಳಲ್ಲಿ ಚದುರಿ ಒಂದು ಗುಣಾಕಾರದ ಗುರುತೂ ಅದರ ನಡುವೆ ಒಂದು ಗೆರೆಯೂ ಮೂಡುತ್ತವೆ. ಫೋಕಸ್ ತಿರುಪು ಆಡಿಸಿದಂತೆ ನಡುವಿನ ಗೆರೆ ಅತ್ತಿತ್ತ ಸರಿಯುತ್ತದೆ. ಅದು ಸರಿಯಾಗಿ ಮಧ್ಯಕ್ಕೆ ಬಂದಾಗ ಬಿಡಿ. ಮುಚ್ಚಳ ತೆಗೆಯಲು ಮರೆಯಬೇಡಿ. ನಾನು ಒಮ್ಮೆ ಮರೆತು 40 ಫ್ರೇಮ್ ತೆಗೆದೆ, ಎಂ41ರ ಪ್ರತಿ ನಕ್ಷತ್ರಕ್ಕೂ ಆರು ಮೀಸೆ. ರಾತ್ರಿ ತಣ್ಣಗಾದಂತೆ ಲೋಹದ ಕೊಳವೆ ಕುಗ್ಗುತ್ತದೆ, ಫೋಕಸ್ ಜಾರುತ್ತದೆ. ಗಂಟೆಗೊಮ್ಮೆ ಮತ್ತೆ ನೋಡಲೇಬೇಕು.

ಈಗ ಮುಖ್ಯ ವಿಷಯ, ಎಷ್ಟು ಹೊತ್ತು ಶಟರ್ ತೆರೆಯಬೇಕು ಎಂಬುದು. ನೀಹಾರಿಕೆ ತೆಗೆದು ಅಭ್ಯಾಸವಾದವರು ಇಲ್ಲೇ ಎಡವುವುದು. ಅಲ್ಲಿ ಬೆಳಕಿಗೆ ಬರ, ಐದು ನಿಮಿಷ ತೆರೆದರೂ ಸಾಲದು. ಗುಚ್ಛದಲ್ಲಿ ಬೆಳಕು ಚೆಲ್ಲಾಡುತ್ತದೆ. ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ಸೇರಿನ ಹಾಗೆ ಒಂದು ಅಳತೆ. 14 ಬಿಟ್‌ನ ರಾ ಫೈಲಿನಲ್ಲಿ ಅದರ ಬಾಯಿಮಟ್ಟ 16,383. ಕೆಂಪು, ಹಸಿರು, ನೀಲಿ ಮೂರೂ ಸೇರು ತುಂಬಿ ಹೊರಚೆಲ್ಲಿದ ಮೇಲೆ ಯಾವುದಕ್ಕೆ ಎಷ್ಟು ಬಿದ್ದಿತ್ತು ಎಂದು ಹೇಗೆ ಹೇಳುತ್ತೀರಿ? ಮೂರೂ ಒಂದೇ ಮಟ್ಟ, ಅಂದರೆ ಬಿಳಿ. ಕಿತ್ತಳೆ ನಕ್ಷತ್ರವೂ ಬಿಳಿ, ನೀಲಿಯೂ ಬಿಳಿ. ಗುಚ್ಛದ ಫೋಟೊ ಹಾಳಾಗುವುದು ಕತ್ತಲೆಯಿಂದ ಅಲ್ಲ, ಹೀಗೆ ಬೆಳ್ಳಗಾಗಿ.

ಐಎಸ್‌ಒ 800, ಎಫ್/5.6ರಲ್ಲಿ 30 ಸೆಕೆಂಡ್ ತೆರೆದರೆ ಹತ್ತನೇ ಕಾಂತಿಮಾನದ ಮಸುಕು ನಕ್ಷತ್ರ ಚೆನ್ನಾಗಿ ಕೂರುತ್ತದೆ. ಆದರೆ ಕಾಂತಿಮಾನದ ಅಂಕಿ ಒಂದೊಂದು ಮೆಟ್ಟಿಲು ಇಳಿದಂತೆಲ್ಲ ಬೆಳಕು ಎರಡೂವರೆ ಪಟ್ಟು ಏರುತ್ತದೆ. ಎಂ44ರ ಪ್ರಮುಖರು ಆರೂವರೆ ಕಾಂತಿಮಾನದ ಸುತ್ತ ಇದ್ದಾರೆ, ಹತ್ತನೆಯದರ ಸುಮಾರು 25 ಪಟ್ಟು ಬೆಳಕು. ನನ್ನ ಸಾಮಾನಿನಲ್ಲಿ ಎರಡು ಸೆಕೆಂಡಿಗೇ ಅವರ ಸೇರು ತುಂಬುತ್ತದೆ. ಕೃತ್ತಿಕೆಯ ದೊಡ್ಡ ನಕ್ಷತ್ರಗಳಿಗೆ ಸೆಕೆಂಡಿನ ಒಂದು ಪಾಲೇ ಸಾಕು. ಹಾಗಾಗಿ ಒಂದೇ ಅವಧಿಯಲ್ಲಿ ಇಬ್ಬರನ್ನೂ ಹಿಡಿಯಲಾಗದು. ಎರಡು ಸೆಟ್ ತೆಗೆಯಬೇಕು: 30 ಸೆಕೆಂಡಿನವು 80, ಎರಡು ಸೆಕೆಂಡಿನವು 60. ಎರಡನೆಯದಕ್ಕೆ ಹಿಡಿಯುವುದು ಎರಡೇ ನಿಮಿಷ, ಆದರೂ ಹತ್ತರಲ್ಲಿ ಒಂಬತ್ತು ಮಂದಿ ಅದನ್ನು ಬಿಡುತ್ತಾರೆ. ನಾನೂ ಬಿಡುತ್ತಿದ್ದೆ.

ಒಂದೇ ಫೋಟೊದ ಬದಲು 80 ಏಕೆ? ಸೆನ್ಸರಿನ ಗದ್ದಲ ಫ್ರೇಮಿನಿಂದ ಫ್ರೇಮಿಗೆ ಬೇರೆ, ನಕ್ಷತ್ರ ಅದೇ. ಸರಾಸರಿ ತೆಗೆದಾಗ ಗದ್ದಲ ಫ್ರೇಮುಗಳ ಸಂಖ್ಯೆಯ ವರ್ಗಮೂಲದಷ್ಟು ಇಳಿಯುತ್ತದೆ. 80ಕ್ಕೆ ಸುಮಾರು ಒಂಬತ್ತನೇ ಒಂದು. ಮೌಂಟಿನ ಹಲ್ಲುಚಕ್ರದ ಏರುಪೇರಿಗೆ ಸಿಕ್ಕು ಗೀರಾದ ಫ್ರೇಮುಗಳನ್ನು ಎಸೆಯಲೂ ಅನುಕೂಲ. ನನ್ನ ಹಳೆಯ ಮೌಂಟಿನಲ್ಲಿ ಹತ್ತಕ್ಕೆ ಮೂರು ಎಸೆಯುತ್ತೇನೆ, ಬೇಸರವಿಲ್ಲ.

ಕೃತ್ತಿಕೆಗೆ ಮೂರನೇ ಸೆಟ್ ಬೇಕಾಗುತ್ತದೆ. ಅದರ ಸುತ್ತ ಹತ್ತಿ ಎಳೆದಂತೆ ಕಾಣುವ ನೀಲಿ ಧೂಳಿದೆ. ಅದು ಹುಟ್ಟಿದ ಮೋಡದ ಉಳಿಕೆಯಲ್ಲ. ಗುಚ್ಛ ಈಗ ದಾರಿಯಲ್ಲಿ ಹಾಯುತ್ತಿರುವ ಬೇರೊಂದು ಧೂಳು, ನಕ್ಷತ್ರದ ಬೆಳಕನ್ನು ಪ್ರತಿಫಲಿಸುತ್ತಿದೆ. ಅದನ್ನು ತರಲು ಎರಡು ಮೂರು ನಿಮಿಷದ ಫ್ರೇಮ್ ಬೇಕು, ಆಗ ಗೈಡ್ ಕ್ಯಾಮೆರಾವೂ ಬೇಕು. ಶಿವರಾತ್ರಿಗೆ ಕೃತ್ತಿಕೆ ಕತ್ತಲಾದ ಕೂಡಲೇ ಇಳಿಮುಖ. ಧೂಳಿನ ಆಸೆ ಇದ್ದವರು ಎಳ್ಳಮಾವಾಸ್ಯೆಗೇ ಬರಬೇಕು.

ಕೆಲಸ ಹೀಗೆ ಸಾಗುವಾಗ ತೋಟ ತನ್ನ ಪಾಡಿಗೆ ತಾನು ಇರುವುದಿಲ್ಲ. ಮೊದಲನೆಯದು ಆನೆ. ಹೊರಗೆ ಬರುವ ಮೊದಲು ಭಾವ ಮೊಬೈಲ್ ನೋಡುತ್ತಾರೆ. ಅರಣ್ಯ ಇಲಾಖೆಯವರು ಆನೆ ಯಾವ ಕಡೆ ಇದೆ ಎಂದು ಕಳಿಸುವ ಸಂದೇಶ ನೋಡದೆ ಬಿಕ್ಕೋಡಿನ ಸುತ್ತಮುತ್ತ ರಾತ್ರಿ ಯಾರೂ ಅಂಗಳ ದಾಟುವುದಿಲ್ಲ. ಹತ್ತಿರ ಇದೆ ಎಂದು ಬಂದರೆ ಅಂದಿಗೆ ಟೆಲಿಸ್ಕೋಪ್ ಪೆಟ್ಟಿಗೆಯಲ್ಲೇ. ಹೊರಗಿದ್ದರೂ ಮನೆಯ ಬಾಗಿಲಿನಿಂದ ಮೂವತ್ತು ಹೆಜ್ಜೆಯೊಳಗೆ, ಒಬ್ಬರೇ ಅಲ್ಲ.

ಎರಡನೆಯದು ನೀರು. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗಾಗಿ ಸ್ಪ್ರಿಂಕ್ಲರ್ ಹೊಡೆಯುತ್ತಾರೆ. ಒಂದು ರಾತ್ರಿ ಹನ್ನೆರಡರ ಮೇಲೆ ಬೇಲಿಯಾಚೆ ಡೀಸೆಲ್ ಪಂಪು ಶುರುವಾಯಿತು. ಚಕ್ ಚಕ್ ಚಕ್ ಎಂದು ತಿರುಗುತ್ತಿದ್ದ ಜೆಟ್ಟಿನ ಸದ್ದು ಹಿತವಾಗಿಯೇ ಇತ್ತು, ಗಾಳಿ ನಮ್ಮ ಕಡೆ ತಿರುಗುವವರೆಗೆ. ಲೆನ್ಸಿನ ಮೇಲೆ ಮೊದಲು ಹನಿ, ಆಮೇಲೆ ಮಬ್ಬು. ಅಕ್ಕ ಕೊಡೆ ಹಿಡಿದು ಓಡಿ ಬಂದಳು. “ಶಿವರಾತ್ರಿ ದಿನ ಶಿವನಿಗೆ ಆಗ್ಬೇಕಾದ ಅಭಿಷೇಕ ನಿನ್ ದುರ್ಬೀನಿಗೆ ಆಯ್ತಲ್ಲೋ!”

ಮೂರನೆಯದು ಇಬ್ಬನಿ. ತಿಳಿ ಆಕಾಶಕ್ಕೆ ಮುಖ ಮಾಡಿದ ಗಾಜು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ತೇವ ಅದರ ಮೇಲೆ ಕೂರುತ್ತದೆ. ಯೋಗದ ಚಾಪೆಯ ತುಂಡನ್ನು ಕೊಳವೆಯ ಮುಂದೆ ಒಂದು ಅಡಿ ಚಾಚುವಂತೆ ಸುತ್ತಿದರೆ ಎರಡು ಗಂಟೆ ತಡೆಯುತ್ತದೆ. ಗಾಜಿನ ಸುತ್ತ ಕಟ್ಟುವ ಬಿಸಿಪಟ್ಟಿ ಇದ್ದರೆ ಇಡೀ ರಾತ್ರಿ. ಬಟ್ಟೆಯಿಂದ ಮಾತ್ರ ಒರೆಸಬೇಡಿ.

ನಾಲ್ಕಕ್ಕೆ ಅಕ್ಕ ಫ್ಲಾಸ್ಕಿನಲ್ಲಿಟ್ಟ ಕಾಫಿ ಮುಗಿದು, ಐದರ ಹೊತ್ತಿಗೆ ಎಂ7 ಕ್ಷಿತಿಜದಿಂದ 25 ಡಿಗ್ರಿ ಮೇಲೆ ಇರುತ್ತದೆ. ಬೇಸಿಗೆ ರಾತ್ರಿಗಳ ಗುಚ್ಛ ಇದು, ಆದರೆ ಅದು ಸಂಜೆಗೇ ಚೆನ್ನಾಗಿ ಏಳುವ ತಿಂಗಳುಗಳಲ್ಲಿ ಇಲ್ಲಿ ಜಡಿಮಳೆ. ಬೆಳಗಿನ ಜಾವದಲ್ಲೇ ಹಿಡಿಯಬೇಕು. ದೂರ ಸುಮಾರು 900 ಜ್ಯೋತಿರ್ವರ್ಷ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಹೆಚ್ಚು ಕಡಿಮೆ ಆ ಕಾಲದಲ್ಲಿ ಹೊರಟ ಬೆಳಕು ಇದು. ಇಪ್ಪತ್ತು ಫ್ರೇಮ್ ಸಿಗುವಷ್ಟರಲ್ಲಿ ಮೂಡಣ ಬೆಳ್ಳಗಾಗುತ್ತದೆ.

ಬೆಳಗಾದದ್ದು ನಷ್ಟವಲ್ಲ, ಅದಕ್ಕೂ ಕೆಲಸ ಇದೆ. ಟೆಲಿಸ್ಕೋಪಿನ ಬಾಯಿಗೆ ಭಾವನ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ, ಸುಕ್ಕಿಲ್ಲದಂತೆ ಎಳೆದು ಕಟ್ಟಿ, ನೆತ್ತಿಯ ಕಡೆ ತಿರುಗಿಸಿ, ಸೂರ್ಯ ಹುಟ್ಟುವ ಮೊದಲಿನ ಸಮ ಬೆಳಕಿನಲ್ಲಿ 20 ಫೋಟೊ. ಇವಕ್ಕೆ ಫ್ಲ್ಯಾಟ್ ಎನ್ನುತ್ತಾರೆ. ಸೆನ್ಸರಿನ ಮೇಲಿನ ಧೂಳಿನ ಕಲೆ, ಮೂಲೆಗಳ ಕಪ್ಪು ಇವುಗಳ ಅಚ್ಚು ಇದರಲ್ಲಿ ಸಿಗುತ್ತದೆ, ತಂತ್ರಾಂಶ ಅದರಿಂದ ಭಾಗಿಸಿ ಕಲೆ ಅಳಿಸುತ್ತದೆ. ಅಲ್ಲಿಯವರೆಗೆ ಕ್ಯಾಮೆರಾ ಬಿಚ್ಚಬಾರದು, ಫೋಕಸ್ ಮುಟ್ಟಬಾರದು. ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಅವಧಿಯಲ್ಲಿ ತೆಗೆಯುವ ಕತ್ತಲೆ ಫ್ರೇಮುಗಳನ್ನು ರಾತ್ರಿಯ ಚಳಿಯಲ್ಲೇ ಮುಗಿಸಿರಬೇಕು. ಸೆನ್ಸರಿನ ಗದ್ದಲ ಶಾಖಕ್ಕೆ ತಕ್ಕಂತೆ ಬದಲಾಗುತ್ತದೆ. ಏಳಕ್ಕೆ ಆಳುಗಳು ಬಂದು ಟಾರ್ಪಾಲು ಸರಿಸಿ ಕಾಫಿ ಹರಡಲು ಶುರುಮಾಡುತ್ತಾರೆ, ಅಷ್ಟರಲ್ಲಿ ಜಾಗ ಖಾಲಿ ಮಾಡುವುದು ಒಪ್ಪಂದ.

ಮಿಕ್ಕದ್ದು ಮನೆಯಲ್ಲಿ. ‘ಸಿರಿಲ್’, ‘ಡೀಪ್ ಸ್ಕೈ ಸ್ಟ್ಯಾಕರ್’ ಎರಡೂ ಪುಕ್ಕಟೆ ತಂತ್ರಾಂಶ. ಪ್ರತಿ ಫ್ರೇಮಿನಲ್ಲೂ ನಕ್ಷತ್ರಗಳ ತ್ರಿಕೋನ ಗುರುತಿಸಿ, ಒಂದರ ಮೇಲೊಂದು ಕೂರಿಸಿ, ಸರಾಸರಿ ತೆಗೆಯುತ್ತವೆ. ಉಪಗ್ರಹ ಒಂದೇ ಫ್ರೇಮಿನಲ್ಲಿ ಎಳೆದ ಗೆರೆ ಉಳಿದ 79ರಲ್ಲಿ ಇಲ್ಲದ್ದರಿಂದ ತಾನಾಗಿ ಬಿದ್ದು ಹೋಗುತ್ತದೆ. ಆಮೇಲೆ ಸಿರಿಲ್‌ನಲ್ಲಿ ಬಣ್ಣ ಸರಿಪಡಿಸುವ ಒಂದು ಸೌಲಭ್ಯ ಇದೆ: ಚಿತ್ರದ ನಕ್ಷತ್ರಗಳನ್ನು ನಕ್ಷತ್ರಪಟ್ಟಿಯಲ್ಲಿ ಹುಡುಕಿ, ಅವುಗಳ ಅಳೆದ ಬಣ್ಣಕ್ಕೆ ನಿಮ್ಮ ಚಿತ್ರವನ್ನು ಹೊಂದಿಸುತ್ತದೆ. ಕಣ್ಣಂದಾಜಿನಲ್ಲಿ ನೀಲಿ ಏರಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು. ಮಸುಕನ್ನು ಎತ್ತುವಾಗ ‘ಆಸಿನ್ಹ್’ ವಿಧಾನ ಬಳಸಿ. ಅದು ಮೂರು ಬಣ್ಣಗಳ ಪ್ರಮಾಣ ಕೆಡಿಸದೆ ಎತ್ತುತ್ತದೆ. ಕೊನೆಗೆ ಎರಡು ಸೆಕೆಂಡಿನ ಸೆಟ್ಟಿನಿಂದ ದೊಡ್ಡ ನಕ್ಷತ್ರಗಳ ನಡುಭಾಗವನ್ನು ಮಾತ್ರ ಪದರವಾಗಿ ಮೇಲಿಡಬೇಕು.

ಆಗ ಎಂ44 ಬಾಯಿ ಬಿಡುತ್ತದೆ. ಬಿಳಿ, ತಿಳಿನೀಲಿ ಚುಕ್ಕಿಗಳ ನಡುವೆ ನಾಲ್ಕೈದು ಕಿತ್ತಳೆ ಚುಕ್ಕಿ. ಅವು ಹೆಚ್ಚು ತೂಕದವು, ಇಂಧನ ಬೇಗ ಸುಟ್ಟು ಉಬ್ಬಿ ತಣ್ಣಗಾದ ದೈತ್ಯರು. ಕೃತ್ತಿಕೆಯ ಹೊಳೆಯುವ ನಕ್ಷತ್ರಗಳಲ್ಲಿ ಅಂಥವರು ಒಬ್ಬರೂ ಇಲ್ಲ. ಎಲ್ಲ ನೀಲಿ, ಎಲ್ಲ ಎಳಸು. ಎಂ67ರಲ್ಲಿ ಕಿತ್ತಳೆ, ಹಳದಿ ತುಂಬಿದೆ. ಮೂರು ಚಿತ್ರ ಪಕ್ಕಪಕ್ಕ ಇಟ್ಟರೆ ಸಾಕು, ವಯಸ್ಸಿನ ಕ್ರಮ ಮಕ್ಕಳೂ ಹೇಳುತ್ತಾರೆ. ಬಣ್ಣಕ್ಕಾಗಿ ಇಷ್ಟು ಒದ್ದಾಡುವುದು ಇದಕ್ಕೇ. 1610ರಲ್ಲಿ ಗೆಲಿಲಿಯೋ ಕೃತ್ತಿಕೆಯ 36 ನಕ್ಷತ್ರಗಳನ್ನು ಬರೆದು ಅಚ್ಚು ಹಾಕಿಸಿದ. ಅವನ ಚಿತ್ರದಲ್ಲಿ ಎಲ್ಲವೂ ಕಪ್ಪು ಮಸಿಯ ಗುರುತು.

ಎಂ67ರಲ್ಲಿ ಒಂದು ಎಡವಟ್ಟು ಕಾಣುತ್ತದೆ. 400 ಕೋಟಿ ವರ್ಷದ ಗುಚ್ಛದಲ್ಲಿ ಬಿಸಿ ನೀಲಿ ನಕ್ಷತ್ರಗಳೆಲ್ಲ ಎಂದೋ ತೀರಿರಬೇಕು. ಆದರೂ ಕೆಲವು ನೀಲಿ ಚುಕ್ಕಿ ಉಳಿದಿವೆ. ಬ್ಲೂ ಸ್ಟ್ರಾಗ್ಲರ್ ಎಂದು ಅವಕ್ಕೆ ಹೆಸರು. ಜೊತೆಗಾರ ನಕ್ಷತ್ರದಿಂದ ಅನಿಲ ಹೀರಿ ಅಥವಾ ಇನ್ನೊಂದರ ಜೊತೆ ಕೂಡಿಕೊಂಡು ಮತ್ತೆ ಹರೆಯ ಬಂದವು ಎಂಬುದು ವಿವರಣೆ. ಅದಕ್ಕೆ ಸಾಕ್ಷಿ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದಿಂದ ಭಾರತೀಯ ಖಗೋಳಭೌತ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸಂಗಡಿಗರು ಹಳೆಯ ಗುಚ್ಛಗಳನ್ನು ನೋಡಿದರು. 2016ರಲ್ಲಿ ಎನ್‌ಜಿಸಿ 188 ಗುಚ್ಛದ ಒಂದು ಬ್ಲೂ ಸ್ಟ್ರಾಗ್ಲರ್‌ಗೆ, 2019ರಲ್ಲಿ ಎಂ67ರ ಒಂದಕ್ಕೆ, ಬಿಸಿಯಾದ ಜೊತೆಗಾರ ಇರುವುದನ್ನು ತೋರಿಸಿದರು. ಎಂ67ರಲ್ಲಿ ಅದು ಶ್ವೇತಕುಬ್ಜ, ಅನಿಲ ಕೊಟ್ಟು ಬರಿದಾದ ತಿರುಳು.

ಆ ಜೊತೆಗಾರ ನಮ್ಮ 72 ಮಿ.ಮೀ. ಗಾಜಿಗೆ ಕಾಣುವುದಿಲ್ಲ. ಆದರೆ ಎಂ67ರ ಬ್ಲೂ ಸ್ಟ್ರಾಗ್ಲರ್‌ಗಳಲ್ಲಿ ಎಲ್ಲಕ್ಕಿಂತ ಹೊಳೆಯುವುದು ಹತ್ತನೇ ಕಾಂತಿಮಾನದ್ದು, ಸಲೀಸಾಗಿ ಬರುತ್ತದೆ. ಹಬ್ಬದ ಮಾರನೇ ದಿನ ಲ್ಯಾಪ್‌ಟಾಪಿನಲ್ಲಿ ಅದನ್ನು ದೊಡ್ಡದು ಮಾಡಿ ಭಾವನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. “ನೀಲಿ ಅಂತೀಯ, ನಡುವೆ ಬೆಳ್ಳಗೇ ಇದೆಯಲ್ಲೋ. ಅಂಚಲ್ಲಿ ಮಾತ್ರ ನೀಲಿ.” ನಿಜ. ಎಂ67 ಮಸುಕು ಗುಚ್ಛ ಎಂದುಕೊಂಡು ಒಂದು ನಿಮಿಷದ ಫ್ರೇಮ್ ತೆಗೆದಿದ್ದೆ, ಚಿಕ್ಕ ಸೆಟ್ ಬಿಟ್ಟಿದ್ದೆ. ಹತ್ತನೇ ಕಾಂತಿಮಾನದ ಸೇರು ತುಂಬಲು ಒಂದು ನಿಮಿಷ ಧಾರಾಳ. ಮುಂದಿನ ಅಮಾವಾಸ್ಯೆಗೆ ಹೂಮಳೆ ಬರದಿದ್ದರೆ 15 ಸೆಕೆಂಡಿನವು ಒಂದು 40 ತೆಗೆಯಬೇಕು.